ಕೊಲೊನೋಸ್ಕೋಪಿ ನಾರ್ಮಲ್, ಆದರೂ ಭೇದಿ ನಿಂತಿಲ್ಲ ಅಂದರೆ

ನಿಮ್ಮ ತಾಯಿಗೆ 64 ವರ್ಷ, ನಾಲ್ಕು ತಿಂಗಳಿಂದ ನೀರಿನಂತೆ ಭೇದಿ, ಹಾಸನದಲ್ಲಿ ಮಾಡಿಸಿದ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ನಾರ್ಮಲ್, ಇನ್ನೇನು ಮಾಡೋದು ಅಂತ ಕೇಳಿದ್ದೀರಿ. ಆಗ ಬಯಾಪ್ಸಿ, ಅಂದರೆ ಪರೀಕ್ಷೆಗೆ ಕರುಳಿನ ಸಣ್ಣ ಚೂರು, ತೆಗೆದಿದ್ದರಾ? ಮೊದಲು ರಿಪೋರ್ಟ್ ನೋಡಿ.

ಮೈಕ್ರೋಸ್ಕೋಪಿಕ್ ಕೊಲೈಟಿಸ್ ಅಂತ ಒಂದು ಕಾಯಿಲೆ ಇದೆ. ಕ್ಯಾಮೆರಾದಲ್ಲಿ ದೊಡ್ಡ ಕರುಳು ಚೆನ್ನಾಗಿಯೇ ಕಾಣುತ್ತದೆ. ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೇನೇ ಗೊತ್ತಾಗೋದು. ಅದೂ ಒಂದೇ ಜಾಗದಿಂದ ಸಾಲದು, ಕರುಳಿನ ಬಲ ಎಡ ಎರಡೂ ಕಡೆಯಿಂದ ತೆಗೆಯಬೇಕು. 60 ದಾಟಿದ ಹೆಂಗಸರಲ್ಲಿ ಜಾಸ್ತಿ. ರಕ್ತ ಹೋಗುವುದಿಲ್ಲ, ಆದರೆ ರಾತ್ರಿಯೂ ಎಬ್ಬಿಸುತ್ತದೆ.

ಚಿಕ್ಕಮಗಳೂರಿನ ನಮ್ಮ ಚಿಕ್ಕಮ್ಮನಿಗೂ ಇದೇ ಆಗಿತ್ತು. ಎರಡು ವರ್ಷ ಐಬಿಎಸ್ (ಪರೀಕ್ಷೆಯಲ್ಲಿ ಏನೂ ಕಾಣದ ಕರುಳಿನ ತೊಂದರೆ), ಟೆನ್ಷನ್ ಅಂತಲೇ ಕಳೆಯಿತು. ಪಾಪ, ಮೂಡಿಗೆರೆಗೆ ಬಸ್ ಹತ್ತೋಕೂ ಹೆದರುತ್ತಿದ್ದರು. ಮಂಡಿನೋವಿಗೆ ಡೈಕ್ಲೋಫೆನಾಕ್, ಬೆಳಿಗ್ಗೆ ಗ್ಯಾಸಿಗೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರು. ಇಂಥ ಮಾತ್ರೆಗಳಿಗೂ ಈ ಕಾಯಿಲೆಗೂ ನಂಟಿದೆ. ಅಮ್ಮ ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಗೋಧಿ ಆಗದ ಸೀಲಿಯಾಕ್ ಕಾಯಿಲೆಗೂ ರಕ್ತ ಪರೀಕ್ಷೆ ಬೇಕಾ ಕೇಳಿ, ಕೆಲವರಿಗೆ ಎರಡೂ ಇರುತ್ತದೆ.

ಔಷಧಿ ಬುಡೆಸೊನೈಡ್, ಸಾಮಾನ್ಯವಾಗಿ ದಿನಕ್ಕೆ 9 ಮಿಲಿಗ್ರಾಂ, 6ರಿಂದ 8 ವಾರ. ಚಿಕ್ಕಮ್ಮನಿಗೆ ಎರಡೇ ವಾರಕ್ಕೆ ಹಿಡಿತಕ್ಕೆ ಬಂತು. ನಿಲ್ಲಿಸಿದ ಮೇಲೆ ಮರುಕಳಿಸಿತು, ಹಲವರಿಗೆ ಹಾಗಾಗುತ್ತದೆ, ಗಾಬರಿ ಬೇಡ. ಇನ್ನೊಂದು, ನಮಗೆ ಮೆಡಿಕಲ್ ಶಾಪಿನಲ್ಲಿ ಅದೇ ಹೆಸರಿನ ಆಸ್ತಮಾ ಇನ್‌ಹೇಲರ್ ಎತ್ತಿ ಕೊಟ್ಟಿದ್ದರು! ಕರುಳಿನಲ್ಲಿ ಕರಗುವ ಕ್ಯಾಪ್ಸೂಲೇ ಬೇಕು, ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.