ಹರ್ಕ್ಯುಲಿಸ್ ಎಕ್ಸ್-1 ಸುಮಾರು 35 ದಿನಕ್ಕೊಮ್ಮೆ ಮಂಕಾಗುವುದೇಕೆ?

ಹರ್ಕ್ಯುಲಿಸ್ ಎಕ್ಸ್-1 ಎಂಬುದು ಎಕ್ಸ್-ರೇ ಸೂಸುವ ನಕ್ಷತ್ರಗಳ ಜೋಡಿ. ಅಲ್ಲಿನ ಎರಡು ನಕ್ಷತ್ರಗಳು ಒಂದನ್ನೊಂದು 1.7 ದಿನಕ್ಕೇ ಸುತ್ತಿ ಮುಗಿಸುವಾಗ ಈ 35 ದಿನದ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಅಲ್ಲಿ ಎಕ್ಸ್-ರೇ ಬೆಳಕು ಆರುವುದೇ ಇಲ್ಲ. ನಮಗೂ ಅದಕ್ಕೂ ನಡುವೆ ಅಡ್ಡ ಬರುವುದೊಂದಿದೆ.

ಆ ಜೋಡಿಯಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಅತಿ ಸಾಂದ್ರ ತಿರುಳು), 1.24 ಸೆಕೆಂಡಿಗೊಮ್ಮೆ ತಿರುಗುತ್ತದೆ. ಸಂಗಾತಿ ಎಚ್‌ಝಡ್ ಹರ್ಕ್ಯುಲಿಸ್‌ನಿಂದ ಹರಿದು ಬರುವ ಅನಿಲ ಅದರ ಸುತ್ತ ತಟ್ಟೆಯಾಗಿ ಹರಡಿಕೊಂಡಿದೆ. ಈ ತಟ್ಟೆ ಸಮತಟ್ಟಲ್ಲ, ಬಿಸಿಲಿಗಿಟ್ಟ ಹಪ್ಪಳದಂತೆ ಅಂಚು ಸೊಟ್ಟಗಾಗಿದೆ. ನಡುವಿನಿಂದ ಬರುವ ಎಕ್ಸ್-ರೇಗಳ ಒತ್ತಡವೇ ಅದನ್ನು ಸೊಟ್ಟ ಮಾಡುತ್ತದೆ ಎಂಬ ವಿವರಣೆ ಬಹಳ ಜನ ಒಪ್ಪುವಂಥದ್ದು. ಓರೆಯಾದ ತಟ್ಟೆ ನಿಧಾನಕ್ಕೆ ದಿಕ್ಕು ಬದಲಿಸುತ್ತ ಹೋಗಿ, ಸುಮಾರು 35 ದಿನಕ್ಕೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಹತ್ತು ದಿನದಷ್ಟು ಕಾಲ ನ್ಯೂಟ್ರಾನ್ ನಕ್ಷತ್ರ ಢಾಳಾಗಿ ಕಾಣುತ್ತದೆ, ಆಮೇಲೆ ಮರೆ. ಮತ್ತೆ ಐದಾರು ದಿನ ಮಂದವಾಗಿ ಕಂಡು ಪುನಃ ಮರೆ. ಎಕ್ಸ್-ರೇ ವೀಕ್ಷಿಸುತ್ತಿದ್ದ ಉಹುರು ಉಪಗ್ರಹದ ಮಾಹಿತಿಯಲ್ಲಿ 1972ರಲ್ಲೇ ಇದು ಸಿಕ್ಕಿತ್ತು.

ಬೆಳಕು ಆರಿಲ್ಲ ಎನ್ನಲು ಪುರಾವೆ ಏನು? ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದದ್ದು ಇದೇ. ಸಂಗಾತಿ ನಕ್ಷತ್ರದ ಒಂದು ಮಗ್ಗುಲು ಎಕ್ಸ್-ರೇ ಬಿದ್ದು ಕಾದು ಹೊಳೆಯುತ್ತದೆ. ಹಾಗಾಗಿ ಸಾಧಾರಣ ದೂರದರ್ಶಕದಲ್ಲಿ ನೋಡಿದರೂ ಅದರ ಕಾಂತಿ 1.7 ದಿನಕ್ಕೊಮ್ಮೆ ಏರಿಳಿಯುತ್ತದೆ. ನಮಗೆ ಎಕ್ಸ್-ರೇ ಕಾಣದ ದಿನಗಳಲ್ಲೂ ಈ ಏರಿಳಿತ ನಿಲ್ಲುವುದಿಲ್ಲ! ಎಂದರೆ, ಆ ನಕ್ಷತ್ರಕ್ಕೆ ಬಿಸಿ ತಾಗುತ್ತಲೇ ಇದೆ, ಮರೆಯಾಗಿರುವುದು ನಮಗೆ ಮಾತ್ರ.

35 ಎನ್ನುವುದನ್ನು ಗಡಿಯಾರದಷ್ಟು ನಿಖರ ಎಂದುಕೊಳ್ಳಬೇಡಿ. ಬೆಳಕು ಮರಳುವುದು ಕೆಲವು ಸಲ ಜೋಡಿಯ 20 ಸುತ್ತಿಗೆ (ಒಂದು ಸುತ್ತು 1.7 ದಿನ), ಕೆಲವು ಸಲ ಇಪ್ಪತ್ತೂವರೆಗೆ, ಇಲ್ಲವೇ 21ಕ್ಕೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ಜಪಾನಿನ ಮ್ಯಾಕ್ಸಿ ಉಪಕರಣ 2009ರಿಂದ ಎಕ್ಸ್-ರೇಯಲ್ಲಿ ಆಕಾಶವನ್ನು ಗಮನಿಸುತ್ತಿದೆ, ಅದರ ದತ್ತಾಂಶ ಎಲ್ಲರಿಗೂ ಉಚಿತ. ನಾನು ಅದನ್ನು ಇಳಿಸಿಕೊಂಡು ಗ್ರಾಫ್ ಹಾಕುತ್ತಿರುತ್ತೇನೆ, ನೀವೂ ಹಾಕಿ ನೋಡಿ. ಸಂಗಾತಿಯಿಂದಾಗುವ ಗ್ರಹಣಗಳು 1.7 ದಿನಕ್ಕೊಂದು ಬಂದು ಗ್ರಾಫಿನ ಚುಕ್ಕಿಗಳನ್ನು ಅಲ್ಲಲ್ಲಿ ಕೆಳಕ್ಕೆ ಎಳೆಯುತ್ತವೆ, ಅದಕ್ಕೆ ಗಾಬರಿಯಾಗಬೇಡಿ.

ತಟ್ಟೆಯನ್ನು ಈ ಲಯದಲ್ಲಿ ನಡೆಸುವುದು ಯಾವುದು ಎಂಬ ಚರ್ಚೆ ಮುಗಿದಿಲ್ಲ. ಐಎಕ್ಸ್‌ಪಿಇ ಉಪಗ್ರಹ ಅಳೆದ ಎಕ್ಸ್-ರೇ ಧ್ರುವೀಕರಣದ (ಅಲೆಗಳು ಕಂಪಿಸುವ ದಿಕ್ಕಿನ) ಆಧಾರದ ಮೇಲೆ, ನ್ಯೂಟ್ರಾನ್ ನಕ್ಷತ್ರದ ಹೊರಚಿಪ್ಪೇ ಓಲಾಡುತ್ತ ಈ ಲಯ ಕೊಡುತ್ತಿರಬಹುದು ಎಂದು 2024ರಲ್ಲಿ ಸಂಶೋಧಕರು ವಾದಿಸಿದರು. ನನಗೆ ಈ ವಾದದ ಮೇಲೆ ಒಲವಿದೆ. ಸೊಟ್ಟ ತಟ್ಟೆ ತನ್ನಷ್ಟಕ್ಕೇ ಇಷ್ಟು ವರ್ಷ ಒಂದೇ ಲಯ ಕಾಯ್ದುಕೊಳ್ಳುವುದು ಕಷ್ಟ. ಎಸ್‌ಎಂಸಿ ಎಕ್ಸ್-1 ಎಂಬ ಇನ್ನೊಂದು ಜೋಡಿಯಲ್ಲಿ ಇಂಥದೇ ಆವರ್ತ 40ರಿಂದ 60 ದಿನಗಳ ನಡುವೆ ಅಲೆದಾಡುತ್ತದೆ.

ಎಲ್ಲ ಜೋಡಿಗಳಿಗೂ ಇದೇ ಉತ್ತರ ಹೊಂದುವುದಿಲ್ಲ. 4ಯು 1820-30 ಎಂಬ ಜೋಡಿಯದ್ದು ಸುಮಾರು 171 ದಿನಗಳ ಆವರ್ತ. ಅಲ್ಲಿ ಬೀಳುವ ಅನಿಲದ ಪ್ರಮಾಣವೇ ಹೆಚ್ಚುಕಡಿಮೆಯಾಗುತ್ತದೆ, ಅದಕ್ಕೆ ದೂರದ ಮೂರನೇ ನಕ್ಷತ್ರದ ಸೆಳೆತ ಕಾರಣ ಎಂಬುದು ಪ್ರಮುಖ ವಿವರಣೆ.