ಹಳೇ ಸ್ವಿಫ್ಟ್‌ನ ಡಿಕ್ಕಿ ಡೋರ್ ತಾನೇ ಕೆಳಗೆ ಬರುತ್ತಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಒಂದು ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ಡೋರ್ ಹಿಡಿಯೋಕೆ ಇನ್ನೊಬ್ಬರು ಇದ್ದರೆ ಸಾಕು.

ನೀವು ಕೇಳಿರೋದು ಇಷ್ಟು. ನಿಮ್ಮ 2009ರ ಸ್ವಿಫ್ಟ್‌ನ ಡಿಕ್ಕಿ ಡೋರ್ ಮಧ್ಯಾಹ್ನ ನಿಲ್ಲುತ್ತದೆ, ಬೆಳಗ್ಗೆ ಬೀಳುತ್ತದೆ, ಯಾಕೆ? ಡೋರನ್ನು ಎರಡೂ ಬದಿಯಲ್ಲಿ ಎತ್ತಿ ಹಿಡಿಯುವ ಹಳೇ ಶಾಕ್‌ಗೇ (ಗ್ಯಾಸ್ ತುಂಬಿದ ಕೊಳವೆಗೇ) ಮತ್ತೆ ಗ್ಯಾಸ್ ತುಂಬಿಸಿದರೆ ಆಗಲ್ವಾ? ಒಂದು ಕಡೆಯದು ಮಾತ್ರ ಬದಲಾಯಿಸಿದರೆ ಸಾಕಾ? ನೀವು ಚಿತ್ರದುರ್ಗ, ನಾನು ದಾವಣಗೆರೆ. ನನ್ನ ಹತ್ತಿರವೂ ಅದೇ ಕಾಲದ ಕಾರಿದೆ, ಅದರ ಎರಡೂ ಶಾಕ್ ನಾನೇ ಹಾಕಿದ್ದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸದ್ಯಕ್ಕೆ ಬಡಿಗೆ ಕೊಟ್ಟು ನಿಲ್ಲಿಸ್ತಿದ್ದೀನಿ ಅಂತ ಬರೆದಿದ್ದೀರಿ. ದಯವಿಟ್ಟು ಅದನ್ನು ಬಿಡಿ. ಬಡಿಗೆಗೆ ಮೊಣಕೈ ತಾಗಿದರೆ ಸಾಕು, ಜಾರುತ್ತದೆ. ಆ ಹೊತ್ತಿಗೆ ನಮ್ಮ ತಲೆ, ಕುತ್ತಿಗೆ ಎರಡೂ ಡೋರಿನ ಕೆಳಗೇ ಇರುತ್ತವೆ. ಮೇಲಿಂದ ಬರೋದು ಬರೀ ಗಾಜಲ್ಲ, ಲಾಕ್ ಇರುವ ಗಟ್ಟಿ ಅಂಚು. ಇಲ್ಲಿ ಮಂಡಕ್ಕಿ ಭಟ್ಟಿ ಕಡೆ ಹೋದಾಗ ಕಾರಿಗೆ ಚೀಲ ತುಂಬುವವರನ್ನು ನೋಡುತ್ತಿರುತ್ತೇನೆ. ಮಂಡಕ್ಕಿ ಚೀಲ ಹಗುರ, ಆದರೆ ದೊಡ್ಡದು. ಎರಡೂ ಕೈ ಬೇಕು, ಸೊಂಟದವರೆಗೂ ಒಳಗೆ ಬಗ್ಗಬೇಕು. ಸತ್ತುಹೋದ ಶಾಕ್ ಇಟ್ಟುಕೊಂಡು ತಲೆಯಲ್ಲೇ ಡೋರ್ ಎತ್ತಿ ಹಿಡಿದು ಚೀಲ ತಳ್ಳುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಮಕ್ಕಳಿರುವ ಮನೆಯಾದರೆ ಇನ್ನೂ ಹೆದರಿಕೆ. ಬೆರಳು ಎಲ್ಲಿಟ್ಟಿರುತ್ತವೋ ಹೇಳಕ್ಕಾಗಲ್ಲ.

ಹೊಸ ಶಾಕ್ ಕೈಗೆ ಬರುವವರೆಗೆ ಒಂದು ಉಪಾಯ ಇದೆ. ಅರ್ಧ ಇಂಚಿನ ಪಿವಿಸಿ ಪೈಪ್ ತುಂಡು ತಗೊಳ್ಳಿ. ಡೋರ್ ಪೂರ್ತಿ ಎತ್ತಿದಾಗ ಶಾಕಿನ ದಪ್ಪ ಸಿಲಿಂಡರ್‌ನಿಂದ ಹೊರಗೆ ಕಾಣುವ ತೆಳು ರಾಡ್ ಎಷ್ಟು ಉದ್ದವೋ ಅಷ್ಟಕ್ಕೆ ಕತ್ತರಿಸಿ. ರಾಡ್ ಒಳಗೆ ಹೋಗುವಷ್ಟು ಅಗಲಕ್ಕೆ ಉದ್ದುದ್ದ ಸೀಳಿ, ರಾಡಿನ ಮೇಲೆ ಕೂರಿಸಿ. ರಾಡ್ ಒಳಗೆ ಹೋಗಬೇಕಾದರೆ ಪೈಪ್ ಅಡ್ಡ ಬರುತ್ತದೆ, ಡೋರ್ ಅಲ್ಲೇ ನಿಲ್ಲುತ್ತದೆ. ಪೈಪಿನ ಬಾಯಿ ಸಿಲಿಂಡರ್‌ಗಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಸಿಲಿಂಡರೇ ಪೈಪಿನೊಳಗೆ ತೂರುತ್ತದೆ. ಡೋರ್ ಮುಚ್ಚುವ ಮೊದಲು ನೆನಪಿಟ್ಟು ತೆಗೆಯಿರಿ.

ಈಗ ಬೆಳಗ್ಗೆ, ಮಧ್ಯಾಹ್ನದ ವಿಷಯ. ಶಾಕಿನೊಳಗೆ ಸ್ಪ್ರಿಂಗ್ ಇಲ್ಲ. ಒತ್ತಿ ತುಂಬಿದ ನೈಟ್ರೋಜನ್ ಇದೆ, ಜೊತೆಗೆ ಸ್ವಲ್ಪ ಎಣ್ಣೆ. ರಾಡಿನ ಒಳತುದಿಯಲ್ಲಿರುವ ಪಿಸ್ಟನ್‌ನಲ್ಲಿ ಸಣ್ಣ ದಾರಿ ಇರುವುದರಿಂದ ಗ್ಯಾಸ್ ಅದರ ಎರಡೂ ಕಡೆ ಒಂದೇ ಒತ್ತಡದಲ್ಲಿ ಇರುತ್ತದೆ. ಆದರೆ ಒಂದು ಕಡೆ ರಾಡ್ ಜಾಗ ಹಿಡಿದುಕೊಂಡಿದೆ, ಗ್ಯಾಸ್ ಒತ್ತೋಕೆ ಆ ಕಡೆ ಅಷ್ಟು ಜಾಗ ಕಡಿಮೆ. ಆ ವ್ಯತ್ಯಾಸದಿಂದಲೇ ರಾಡ್ ಹೊರಗೆ ತಳ್ಳಿಸಿಕೊಳ್ಳುತ್ತದೆ. ಬಿಸಿಲೇರಿದರೆ ಗ್ಯಾಸಿನ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಮಧ್ಯಾಹ್ನ 35 ಡಿಗ್ರಿ, ಬೆಳಗಿನ ಜಾವ 15 ಡಿಗ್ರಿ ಅಂದುಕೊಳ್ಳಿ. ಅಷ್ಟರಲ್ಲೇ ಬಲ ಸುಮಾರು ನೂರಕ್ಕೆ 6ರಷ್ಟು ಕಡಿಮೆಯಾಗುತ್ತದೆ. ಚೆನ್ನಾಗಿರುವ ಶಾಕ್‌ನಲ್ಲಿ ಇದು ಗೊತ್ತೇ ಆಗಲ್ಲ. ರಾಡ್ ಹೊರಬರುವ ಜಾಗದ ರಬ್ಬರ್ ಸೀಲ್‌ನಿಂದ ವರ್ಷಗಟ್ಟಲೆ ಗ್ಯಾಸ್ ಸೋರಿ, ಡೋರಿನ ಭಾರ ಹೊರುವಷ್ಟು ಮಾತ್ರ ಉಳಿದಿರುವ ಶಾಕ್‌ನಲ್ಲಿ ಗೊತ್ತಾಗುತ್ತದೆ. ನಿಮ್ಮದು ಈಗ ಆ ಹಂತದಲ್ಲಿದೆ. ಇನ್ನು ಸ್ವಲ್ಪ ದಿನಕ್ಕೆ ಮಧ್ಯಾಹ್ನವೂ ನಿಲ್ಲಲ್ಲ.

ಒಂದು ಸಲ ರಾಡ್ ಸಿಲಿಂಡರ್ ಒಳಗೆ ಹೋಗುವ ಜಾಗವನ್ನು ಹತ್ತಿರದಿಂದ ನೋಡಿ. ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ, ಎಣ್ಣೆ ಜಿನುಗಿದ ಕಡೆ ಧೂಳು ಅಂಟಿ ಕಪ್ಪು ಬಳೆಯ ಹಾಗೆ ಕಾಣುತ್ತದೆ. ಬೆರಳಿಟ್ಟರೆ ಜಿಡ್ಡು. ಅಂದರೆ ಸೀಲ್ ಹೋಗಿದೆ. ಎಣ್ಣೆ ಕಾಣದೆ ಬರೀ ಗ್ಯಾಸ್ ಸೋರಿರೋದೂ ಉಂಟು. ಹಿಂದೆ ಯಾರಾದರೂ ಸ್ಪಾಯ್ಲರ್ ಹಾಕಿಸಿದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಆ ಭಾರ ಕಂಪನಿ ಶಾಕ್‌ನ ಲೆಕ್ಕದಲ್ಲಿ ಇರಲ್ಲ.

ಗ್ಯಾಸ್ ತುಂಬಿಸೋದು ಬೇಡ, ಖಂಡಿತ ಬೇಡ. ಕಾರಣ ಹೇಳುತ್ತೇನೆ. ಸಿಲಿಂಡರ್ ಮೇಲೆ 350 ಎನ್ (ನ್ಯೂಟನ್, ತಳ್ಳುವ ಬಲದ ಅಳತೆ) ಅಂತ ಇದೆ, ರಾಡ್ 8 ಮಿಲಿಮೀಟರ್ ದಪ್ಪ ಇದೆ ಅಂತ ಇಟ್ಟುಕೊಳ್ಳಿ. ರಾಡಿನ ಅಡ್ಡಕೊಯ್ತ ಸುಮಾರು 50 ಚದರ ಮಿಲಿಮೀಟರ್. ಅಷ್ಟು ಸಣ್ಣ ಜಾಗದಿಂದ ಅಷ್ಟು ಬಲ ಬರಬೇಕಾದರೆ ಒಳಗೆ ಸುಮಾರು 70 ಬಾರ್ ಒತ್ತಡ ಇರಬೇಕು. ಪಂಕ್ಚರ್ ಅಂಗಡಿ ಲೆಕ್ಕದಲ್ಲಿ 1000 ಪಿಎಸ್‌ಐ. ನಮ್ಮ ಟೈರಿಗೆ ಹಾಕಿಸೋದು 30ರ ಆಸುಪಾಸು. ಇಂಥದ್ದಕ್ಕೆ ತೂತು ಕೊರೆದು, ವಾಲ್ವ್ ಕೂರಿಸಿ, ಮತ್ತೆ ಒತ್ತಡ ತುಂಬೋದು ಅಪಾಯದ ಕೆಲಸ. ಅದೂ ಅಲ್ಲದೆ ಸೀಲ್ ಹಳೇದೇ ಉಳಿಯುತ್ತದೆ. ಸೋರಿದ್ದು ಅಲ್ಲಿಂದಲೇ ತಾನೇ? ಮತ್ತೆ ಅಲ್ಲಿಂದಲೇ ಸೋರುತ್ತದೆ.

ಒಂದೇ ಕಡೆ ಬದಲಾಯಿಸೋದೂ ಬೇಡ. ಎರಡೂ ಒಂದೇ ದಿನ ಕಾರಿಗೆ ಬಂದವು, ಒಂದೇ ಬಿಸಿಲು ಕಂಡವು. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಇದ್ದರೆ ಡೋರ್ ಪ್ರತಿ ಸಲವೂ ಓರೆಯಾಗಿ ತಳ್ಳಿಸಿಕೊಳ್ಳುತ್ತದೆ, ಹಿಂಜ್ ಮೇಲೆ ಒತ್ತಡ ಬೀಳುತ್ತದೆ. ಜೋಡಿಯಾಗಿಯೇ ತಗೊಳ್ಳಿ.

ತಗೊಳ್ಳುವಾಗ ಅಂಗಡಿಯವರಿಗೆ ಬರೀ ಕಾರಿನ ಹೆಸರು ಹೇಳಬೇಡಿ. ಸಿಲಿಂಡರ್ ಮೇಲಿನ ಬರಹದ ಫೋಟೋ ತೆಗೆದುಕೊಂಡು ಹೋಗಿ. ಅಕ್ಷರ ಅಳಿಸಿದ್ದರೆ ಆರ್‌ಸಿ ನೋಡಿ ಚಾಸಿಸ್ ನಂಬರ್ ಕೊಡಿ, ಕಂಪನಿ ಸ್ಪೇರ್ಸ್ ಕೌಂಟರ್‌ನಲ್ಲಿ ಸರಿಯಾದ ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ. ಪೂರ್ತಿ ಚಾಚಿದಾಗಿನ ಉದ್ದ, ರಾಡ್ ಒಳಗೆ ಹೋಗುವ ಉದ್ದ, ಎನ್ ಮುಂದಿನ ಅಂಕಿ, ಎರಡು ತುದಿಯ ಕಪ್ಪಿನ ಅಳತೆ, ಇವೆಲ್ಲ ಹಳೆಯದಕ್ಕೆ ಹೊಂದಬೇಕು. ‘ಸ್ವಲ್ಪ ಸ್ಟ್ರಾಂಗ್ ಇರೋದೇ ಕೊಡ್ತೀನಿ ಸಾರ್’ ಅಂದರೆ ಒಪ್ಪಬೇಡಿ. ಡೋರ್ ರಭಸವಾಗಿ ಮೇಲೆ ಹಾರಿ ಗದ್ದಕ್ಕೆ ಬಡಿಯಬಹುದು. ಮುಚ್ಚುವಾಗ ಜೋತುಬೀಳಬೇಕಾಗುತ್ತದೆ, ಹಿಂಜ್ ಹಾಳಾಗುತ್ತದೆ.

ಕೆಲಸ ಶುರು ಮಾಡುವ ಮೊದಲು ಜಾಗ ನೋಡಿಕೊಳ್ಳಿ. ನಿಮ್ಮ ಊರಿನ ಗಾಳಿ ನಿಮಗೇ ಗೊತ್ತು, ಸುತ್ತಲ ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ. ಆಷಾಢದ ಹೊತ್ತಲ್ಲಿ ಬಯಲಲ್ಲಿ ಡಿಕ್ಕಿ ತೆಗೆದು ಇದನ್ನು ಮಾಡಬೇಡಿ. ಸಮತಟ್ಟಾದ ಜಾಗದಲ್ಲಿ, ಗೋಡೆ ಮರೆಯಲ್ಲಿ ಕಾರು ನಿಲ್ಲಿಸಿ. ಡೋರನ್ನು ಎಷ್ಟು ಮೇಲೆ ಹೋಗುತ್ತೋ ಅಷ್ಟೂ ಎತ್ತಿ, ಗಟ್ಟಿ ಆಳೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ. ಶಾಕ್ ಕಳಚಿದ ಮೇಲೆ ಪೂರ್ತಿ ಭಾರ ಅವರ ಕೈ ಮೇಲೇ ಬರುತ್ತದೆ ಅಂತ ಮೊದಲೇ ತಿಳಿಸಿ. ಮೊಬೈಲ್ ಅವರ ಕೈಯಲ್ಲಿ ಇರಬಾರದು.

ಶಾಕಿನ ಎರಡೂ ತುದಿಯಲ್ಲಿ ಕಪ್ ಇರುತ್ತದೆ, ಅದು ಗುಂಡಿನ ತಲೆಯ ಬೋಲ್ಟ್ ಮೇಲೆ ಕೂತಿರುತ್ತದೆ. ಕಪ್ಪಿನ ಹಿಂಭಾಗದಲ್ಲಿ ಒಂದು ಸಣ್ಣ ಸ್ಪ್ರಿಂಗ್ ಕ್ಲಿಪ್. ಸ್ಕ್ರೂಡ್ರೈವರ್ ತುದಿಯನ್ನು ಅದರ ಕೆಳಗೆ ತೂರಿಸಿ, ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಎತ್ತಿ. ಪೂರ್ತಿ ಕಿತ್ತರೆ ಅದು ಚಿಮ್ಮಿ ಎಲ್ಲಿ ಬೀಳುತ್ತದೋ ಸಿಗಲ್ಲ. ಕ್ಲಿಪ್ ಎತ್ತಿ ಹಿಡಿದು ಕಪ್ಪನ್ನು ನಿಮ್ಮ ಕಡೆಗೆ ಎಳೆದರೆ ಕಳಚಿಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಕಪ್ ಬದಲು ಬೋಲ್ಟ್ ಹಾಕಿದ ಪಟ್ಟಿ ಇರುತ್ತದೆ, ಅದಕ್ಕೆ ಸ್ಪ್ಯಾನರ್ ಬೇಕು. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಕೈ ಹಾಕಿ.

ಹೊಸದನ್ನು ಕೂರಿಸುವ ಮೊದಲು ಗುಂಡನ್ನು ಒರೆಸಿ, ಕಪ್ಪಿಗೆ ಚೂರು ಗ್ರೀಸ್ ಸವರಿ. ಗ್ರೀಸ್ ರಾಡಿಗೆ ಬೇಡ, ಧೂಳು ಹಿಡಿಯುತ್ತದೆ. ಇನ್ನು ಬಹಳ ಜನ ತಪ್ಪು ಮಾಡುವ ಜಾಗ ಇದು: ಡಿಕ್ಕಿ ಮುಚ್ಚಿದಾಗ ತೆಳು ರಾಡ್ ಕೆಳಮುಖವಾಗಿರಬೇಕು, ದಪ್ಪ ಸಿಲಿಂಡರ್ ಮೇಲಿರಬೇಕು. ಆಗ ಒಳಗಿನ ಎಣ್ಣೆ ಸೀಲ್ ಹತ್ತಿರ ಇಳಿದು ರಬ್ಬರನ್ನು ಒಣಗದಂತೆ ಇಡುತ್ತದೆ. ತಿರುಗಾಮುರುಗಾ ಹಾಕಿದರೂ ಡೋರ್ ನಿಲ್ಲುತ್ತದೆ, ಅದಕ್ಕೇ ತಪ್ಪು ಗೊತ್ತಾಗಲ್ಲ, ಆದರೆ ಸೀಲ್ ಬೇಗ ಒಣಗಿ ಸೋರಲು ಶುರುವಾಗುತ್ತದೆ. ಕಪ್ಪನ್ನು ಗುಂಡಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿ, ಟಕ್ ಅಂತ ಕೂರುತ್ತದೆ. ಆಮೇಲೆ ಎಳೆದು ನೋಡಿ. ಉದ್ದ ಹೊಂದುತ್ತಿಲ್ಲ ಅನಿಸಿದರೆ ಶಾಕನ್ನು ಕೈಯಲ್ಲಿ ಅದುಮಲು ಹೋಗಬೇಡಿ, ಸಾಧ್ಯವಿಲ್ಲ. ಡೋರನ್ನೇ ಇನ್ನೊಂದು ಬೆರಳು ಮೇಲೆತ್ತಿಸಿ. ರಾಡನ್ನು ಇಕ್ಕಳದಲ್ಲಿ ಹಿಡಿಯಲೇಬಾರದು. ಗೀರು ಬಿದ್ದರೆ ಹೊಸ ಸೀಲೂ ಹರಿಯುತ್ತದೆ.

ಎರಡೂ ಕಡೆ ಕೂತ ಮೇಲೆ ಡೋರನ್ನು ನಿಧಾನಕ್ಕೆ ಇಳಿಸಿ, ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮುಚ್ಚಿ. ಮೊದಮೊದಲು ಮುಚ್ಚೋಕೆ ಸ್ವಲ್ಪ ಬಿಗಿ ಅನಿಸುತ್ತದೆ. ಸತ್ತ ಶಾಕ್‌ಗೆ ಕೈ ಒಗ್ಗಿಹೋಗಿರುತ್ತದೆ, ಅಷ್ಟೇ.

ಹಳೇ ಶಾಕ್‌ಗಳನ್ನು ಏನು ಮಾಡೋದು ಅಂತ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಡೋರ್ ಹೊರಲಾಗದ ಶಾಕ್‌ನಲ್ಲೂ ಒತ್ತಡ ಉಳಿದಿರುತ್ತದೆ. ಬೆಂಕಿಗೆ ಹಾಕಬಾರದು, ಕತ್ತರಿಸಬಾರದು, ತೂತು ಹೊಡೆಯಬಾರದು. ಬಿಡಿಭಾಗ ತಗೊಂಡ ಅಂಗಡಿಯಲ್ಲೇ ವಾಪಸ್ ಇಟ್ಟುಕೊಳ್ಳುತ್ತಾರಾ ಕೇಳಿ. ಗುಜರಿಗೇ ಕೊಡಬೇಕಾದರೆ ಬೇರೆ ಕಬ್ಬಿಣದ ಜೊತೆ ಚೀಲದಲ್ಲಿ ಸೇರಿಸಿ ಕೊಡಬೇಡಿ. ಅಲ್ಲಿ ಕೆಲಸ ಮಾಡುವ ಹುಡುಗರು ಗ್ಯಾಸ್ ಕಟರ್ ಹಿಡಿದಿರುತ್ತಾರೆ. ಎರಡನ್ನೂ ಬೇರೆಯಾಗಿ ಕೈಗೆ ಕೊಟ್ಟು, ‘ಒಳಗೆ ಗ್ಯಾಸ್ ಇದೆ, ಇದಕ್ಕೆ ಕಟರ್ ಹಿಡಿಯಬೇಡಿ ಅಣ್ಣ’ ಅಂತ ಬಾಯಿಬಿಟ್ಟು ಹೇಳಿ.