ಅಂಗಡಿಯವರು ಇ250 ಗ್ರೇಡಿನ ಉಕ್ಕಿನ ಬದಲು ಇ350 ತಗೊಳ್ಳಿ ಅಂತಾರೆ. ನಂಬರ್ ದೊಡ್ಡದಾದ್ರೆ ಗಟ್ಟಿ ಅಲ್ವಾ?

ಗಂಗಾವತಿಯಲ್ಲಿ ನಿಮ್ಮ ಅಕ್ಕಿ ಗೋದಾಮು, ಡ್ರಾಯಿಂಗ್‌ನಲ್ಲಿ ಇ250 ಬಿಆರ್, ಅಂಗಡಿಯವರ ಬಾಯಲ್ಲಿ ಇ350. ಓದಿದ ಕೂಡಲೇ 2009ರ ನನ್ನ ಮುಖ ನೆನಪಾಯಿತು. ನೀವು ವಾಸಿ, ಕೇಳುತ್ತಿದ್ದೀರಿ. ನಾನು ಯಾರನ್ನೂ ಕೇಳಲಿಲ್ಲ.

ಬಳ್ಳಾರಿಯಲ್ಲಿ ನನ್ನದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಆಗ ಅದಿರಿನ ಕಾಲ, ಸಂಡೂರು ಕಡೆಯಿಂದ ಕೈತುಂಬ ಕೆಲಸ. ಒಂದು ಕ್ರಷರ್‌ನ ಬಂಕರ್ (ಅದಿರು ತುಂಬುವ ದೊಡ್ಡ ತೊಟ್ಟಿ) ಹೊರುವ ಬ್ರಾಕೆಟ್‌ಗಳ ಆರ್ಡರ್ ಬಂತು. 16 ಎಂಎಂ ಪ್ಲೇಟ್, ಆರು ಟನ್. ಡ್ರಾಯಿಂಗ್ ಮೂಲೆಯಲ್ಲಿ 'ಇ410' ಎಂದಿತ್ತು. ನಾನು ಅಂಗಡಿಗೆ ಫೋನ್ ಮಾಡಿ "410 ಪ್ಲೇಟ್ ಕಳಿಸ್ರಿ" ಅಂದೆ. ಕಳಿಸಿದರು. ಟೆಸ್ಟ್ ಸರ್ಟಿಫಿಕೇಟ್ ಮೇಲೂ 410 ಕಂಡಿತು. ಫೈಲಿಗೆ ಹಾಕಿ ಗ್ಯಾಸ್ ಕಟಿಂಗ್ ಶುರು ಮಾಡಿಸಿದೆ.

ಕಟಿಂಗ್, ಡ್ರಿಲ್ಲಿಂಗ್, ವೆಲ್ಡಿಂಗ್ ಎಲ್ಲ ಮುಗಿದು ರೆಡ್ ಆಕ್ಸೈಡ್ ಕೂಡ ಹೊಡೆದಾಗಿತ್ತು. ಇನ್ಸ್‌ಪೆಕ್ಷನ್‌ಗೆ ಬಂದವರು ಚಹಾ ಕುಡಿಯುತ್ತಲೇ ಫೈಲು ತೆರೆದರು. ಪೆನ್ನಿನ ಕ್ಯಾಪನ್ನು ಒಂದು ಸಾಲಿನ ಮೇಲೆ ಇಟ್ಟು, "ಇದು ಎಫ್‌ಇ 410 ಐತಲ್ರೀ. ಇ410 ಎಲ್ಲೈತಿ?" ಅಂದರು. ಎರಡೂ ಒಂದೇ ಅಲ್ವಾ ಸರ್ ಅಂದೆ. ಅವರು ನಗಲಿಲ್ಲ.

ಒಂದೇ ಅಲ್ಲ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನನಗೆ ಆರು ಟನ್ ಖರ್ಚಾದ ಪಾಠ ಇದು. ಉಕ್ಕನ್ನು ಎಳೆದರೆ ಒಂದು ಮಿತಿಯವರೆಗೆ ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಅದು ದಾಟಿದರೆ ಬಿಟ್ಟ ಮೇಲೂ ಸ್ವಲ್ಪ ಉದ್ದವಾಗಿಯೇ ಉಳಿಯುತ್ತದೆ. ಆ ಮಿತಿಗೆ ಯೀಲ್ಡ್ ಅಂತಾರೆ. ಇನ್ನೂ ಎಳೆದು ತುಂಡಾಗುವ ಮೊದಲು ಅದು ತಡೆಯುವ ಗರಿಷ್ಠ ಬಲ ಟೆನ್ಸೈಲ್. ಹಳೇ ಹೆಸರಿನಲ್ಲಿ ಎಫ್‌ಇ ಮುಂದಿನ ನಂಬರ್ ಟೆನ್ಸೈಲ್‌ದು. ಹೊಸ ಹೆಸರಿನಲ್ಲಿ ಇ ಮುಂದಿನ ನಂಬರ್ ಯೀಲ್ಡ್‌ದು. ಎರಡೂ ಎಂಪಿಎ (ಮೆಗಾಪ್ಯಾಸ್ಕಲ್) ಲೆಕ್ಕ, ಅಂದ್ರೆ ಇಷ್ಟು ಜಾಗಕ್ಕೆ ಇಷ್ಟು ಬಲ ಅಂತ. ಇಂಥ ಉಕ್ಕಿನ ಭಾರತೀಯ ಮಾನದಂಡ ಐಎಸ್ 2062ರ 2006ರ ಆವೃತ್ತಿಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಿದ್ದರು: ಇ250ರ ಜೊತೆ ಎಫ್‌ಇ 410, ಇ410ರ ಜೊತೆ ಎಫ್‌ಇ 540. ಒಂದೇ ಪಟ್ಟಿಯಲ್ಲಿ 410 ಎರಡು ಸಾಲಲ್ಲಿ! ನಾನು ತರಿಸಿದ್ದು ಮಾಮೂಲಿ ಇ250. ಸರ್ಟಿಫಿಕೇಟ್‌ನ ಯೀಲ್ಡ್ ಕಾಲಂನಲ್ಲಿ 282 ಅಂತ ಸ್ಪಷ್ಟವಾಗಿ ಇತ್ತು, ಬೇಕಿದ್ದದ್ದು 410. ಆ ಕಾಲಂ ನಾನು ನೋಡಿರಲೇ ಇಲ್ಲ. ಅಂಗಡಿಯವರ ತಪ್ಪೂ ಅಲ್ಲ, ನಾನು ಅಕ್ಷರ ಬಿಟ್ಟು ಬರೀ ನಂಬರ್ ಹೇಳಿದ್ದೆ. ಮಾಲು ಗುಜರಿ ರೇಟಿಗೆ ಹೋಯಿತು.

2011ರ ಆವೃತ್ತಿಯಲ್ಲಿ ಈ ಜೋಡಿ ಹೆಸರು ತೆಗೆದರು. ಆದರೆ ಟಿಎಂಟಿ ಸರಳಿನ ಎಫ್‌ಇ 500ರಲ್ಲಿ 500 ಎನ್ನುವುದು ಯೀಲ್ಡ್. ಅಕ್ಷರ ಅದೇ, ಅರ್ಥ ಬೇರೆ. ಯಾರನ್ನು ಬೈಯೋಣ?

ಇನ್ನು ನಿಮ್ಮ ಬಿಆರ್. ಇದು ಪೆಟ್ಟು ತಡೆಯುವ ಪರೀಕ್ಷೆಯ ಗುರುತು. ಎ ಅಂದ್ರೆ ಆ ಪರೀಕ್ಷೆ ಇಲ್ಲ. ಬಿಆರ್ ಅಂದ್ರೆ ನೀವು ಕೇಳಿದರೆ ಮಾಮೂಲಿ ತಾಪಮಾನದಲ್ಲಿ ಮಾಡುತ್ತಾರೆ. ಬಿ0 ಸೊನ್ನೆ ಡಿಗ್ರಿಯಲ್ಲಿ, ಸಿ ಮೈನಸ್ 20ರಲ್ಲಿ. ಗಂಗಾವತಿ ಬಿಸಿಲಿಗೆ ಸಿ ಬೇಕು ಅಂದವರ ಹತ್ತಿರ ಹುಷಾರು.

'ದೊಡ್ಡ ನಂಬರ್ ಒಳ್ಳೇದು' ಎನ್ನುವುದನ್ನೇ ನಾನು ಒಪ್ಪಲ್ಲ. ಬೀಮ್ ಎಷ್ಟು ಬಾಗುತ್ತದೆ ಎನ್ನುವುದು ಗ್ರೇಡಿಗೆ ಸಂಬಂಧಿಸಿದ್ದಲ್ಲ. ಅದೇ ಸೈಜಿನ ಬೀಮು, ಅದೇ ಭಾರ ಇದ್ದರೆ, ಯೀಲ್ಡ್ ದಾಟದವರೆಗೆ ಇ250 ಬಾಗಿದಷ್ಟೇ ಇ350 ಕೂಡ ಬಾಗುತ್ತದೆ. ಮೇಲಿಂದ ಎಲೆಕ್ಟ್ರೋಡ್, ವೆಲ್ಡಿಂಗ್ ವಿಧಾನ ಮತ್ತೆ ನೋಡಬೇಕು. ಎಂಜಿನಿಯರ್ ಬರೆದಿದ್ದನ್ನೇ ತನ್ನಿ. ಬದಲಿಸಬೇಕೆಂದರೆ ಅವರೇ ಸಹಿ ಹಾಕಲಿ.

ಗ್ರೇಡುಗಳ ಚಾರ್ಟ್ ಬಾಯಿಪಾಠ ಮಾಡಬೇಡಿ, ಸುಮ್ನೆ ಟೈಮ್ ದಂಡ. ಗ್ರೇಡಿನ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಿ, ಫೋನಲ್ಲಿ ಹೇಳಬೇಡಿ. ಮಾಲು ಇಳಿಸುವ ಮೊದಲು ಪ್ಲೇಟ್ ಮೇಲಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ನಂಬರ್), ಸರ್ಟಿಫಿಕೇಟ್‌ನ ಹೀಟ್ ನಂಬರ್ ತಾಳೆ ನೋಡಿ, ಯೀಲ್ಡ್ ಕಾಲಂ ಮೇಲೆ ಬೆರಳಿಟ್ಟು ಓದಿ. "ಅದೆಲ್ಲಾ ಯಾಕ್ರೀ" ಅಂದರೆ ಲಾರಿ ವಾಪಸ್ ಕಳಿಸಿ.